ಹದಿನೆಂಟರಲ್ಲಿ ಒಂದು ಪಾಲು

“ರೆಕ್ಕೆ ಹಿಂದಕ್ಕೆ ವಾಲಿದೆ” ಅಂದರು ತಾತ.

ಮೇಜಿನ ಮೇಲೆ ಒಂದು ಫೋಟೊ ಇತ್ತು. ಮಾದರಿ ಕಾರು ಮಾಡುವ ಕಂಪನಿಯವರು ಕಳಿಸಿದ್ದನ್ನು ನಾನೇ ದೊಡ್ಡದಾಗಿ ಪ್ರಿಂಟ್ ತೆಗೆಸಿ ತಂದಿದ್ದೆ. ಬಣ್ಣ ಬಳಿದಿಲ್ಲ, ಗಾಜು ಕೂರಿಸಿಲ್ಲ, ಬೂದಿ ಬಣ್ಣದ ಬರೀ ಎರಕ. 1969ರ ಡಾಡ್ಜ್ ಚಾರ್ಜರ್ ಡೇಟೋನಾ ಕಾರಿನ 1:18 ಅಳತೆಯ ಡೈ-ಕಾಸ್ಟ್ ಮಾದರಿ ಅದು, ಅಂದರೆ ಉಕ್ಕಿನ ಅಚ್ಚಿಗೆ ಲೋಹ ಹೊಯ್ದು ಮಾಡಿದ್ದು. ಮುಂಗಡ ಕೊಟ್ಟು ಒಂದು ವರ್ಷ ದಾಟಿದ ಮೇಲೆ ಕಣ್ಣಿಗೆ ಬಿದ್ದ ಮೊದಲ ಸುಳಿವು. ನಾವು ನಾಲ್ವರೂ ಅದರ ಮೇಲೆ ಬಗ್ಗಿ ನಿಂತಿದ್ದೆವು. ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಂಡಿತ್ತು. ತಾತ ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಗೋಡೆಯ ಮೊಳೆಗೆ ನೇತುಹಾಕಿದ್ದ ಮೂಲೆಮಟ್ಟ ತಂದು ಫೋಟೊದ ಮೇಲಿಟ್ಟರು. ಪಕ್ಕದಲ್ಲಿ ನಿಜವಾದ ಕಾರಿನ ಫೋಟೊ ಇಟ್ಟು ಅದರ ಮೇಲೂ ಹಾಗೇ ಹಿಡಿದರು. ಡಿಕ್ಕಿಯ ಎರಡೂ ಪಕ್ಕದಿಂದ ಏಳುವ ಆ ಎರಡು ಕಂಬಗಳು ಮಾದರಿಯಲ್ಲಿ ಕೂದಲೆಳೆಯಷ್ಟು ಹೆಚ್ಚು ಹಿಂದಕ್ಕೆ ಬಾಗಿದ್ದವು.

“ಇದು ಡೇಟೋನಾದ ರೆಕ್ಕೆ ಅಲ್ಲ. ಸೂಪರ್‌ಬರ್ಡ್‌ದು.”

ಡೇಟೋನಾ ಬಂದ ಮರುವರ್ಷ, 1970ರಲ್ಲಿ, ಕ್ರೈಸ್ಲರ್ ಕಂಪನಿಯ ಇನ್ನೊಂದು ಹೆಸರಾದ ಪ್ಲಿಮತ್‌ನಿಂದ ಬಂದ ತಂಗಿ ಆ ಸೂಪರ್‌ಬರ್ಡ್. ಅದಕ್ಕೂ ಚೂಪು ಮೂಗು, ಅದಕ್ಕೂ ರೆಕ್ಕೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ. ಆದರೆ ಸೂಪರ್‌ಬರ್ಡಿನ ಕಂಬಗಳು ಇನ್ನೂ ಎತ್ತರ, ಇನ್ನೂ ಓರೆ. ಅದರ ಹಿಂಗಾಜಿನ ಸುತ್ತ ಬೆಸೆದ ಗುರುತು ಮುಚ್ಚಲು ಚಾವಣಿಗೆ ವಿನೈಲ್ ಹೊದಿಸಿದ್ದರು. ಡೇಟೋನಾದ ಚಾವಣಿ ಬರಿಯ ಬಣ್ಣದ್ದು. ಅಕ್ಕತಂಗಿಯರನ್ನು ಹತ್ತಿರದಿಂದ ಕಂಡವರಷ್ಟೇ ಹೇಳಬಲ್ಲ ವ್ಯತ್ಯಾಸಗಳು ಇವು.

ಆ ಒಂದು ಮಾತಿನಿಂದ ನಮ್ಮ ಕಾಯುವಿಕೆಗೆ ಇನ್ನೂ ಏಳು ತಿಂಗಳು ಸೇರಿಕೊಂಡಿತು. ಅದರ ಕಥೆಯನ್ನೇ ಬರೆಯೋಣ ಅಂತ ಕೂತಿದ್ದೇನೆ.

ನಾವು ಸೇರುವುದು ಶನಿವಾರ ಬೆಳಿಗ್ಗೆ. ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ಹಾದಿಯಲ್ಲಿ ನಮ್ಮ ಬೀದಿ, ಪಕ್ಕದ ಮನೆಯ ಗ್ಯಾರೇಜು ತಾತನದು. ಅವರು ನನಗೆ ನೆಂಟರೂ ಅಲ್ಲ, ಕನ್ನಡದವರೂ ಅಲ್ಲ. ಪೋಲೆಂಡಿನಿಂದ ಬಂದು ಮಿಷಿಗನ್‌ನಲ್ಲಿ ಬೇರೂರಿದ ಮನೆತನದವರು. ನನ್ನ ಮಗಳು ಮೂರು ವರ್ಷದವಳಿದ್ದಾಗ ಬೇಲಿಯಾಚೆ ಹುಲ್ಲು ಕತ್ತರಿಸುತ್ತಿದ್ದ ಅವರನ್ನು ನೋಡಿ “ತಾತಾ” ಅಂದಳು. ಅವರು ಅದರ ಅರ್ಥ ಕೇಳಿ ತಿಳಿದುಕೊಂಡು, ಇನ್ನು ಮುಂದೆ ಹಾಗೇ ಕರೆಯಿರಿ ಅಂದರು. ಉಳಿದ ಇಬ್ಬರಲ್ಲಿ ಒಬ್ಬಾಕೆ ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬರು ಶಾಲಾ ಬಸ್ಸಿನ ಡ್ರೈವರ್. ಅವರಿಬ್ಬರ ಪರಿಚಯವಾದದ್ದು ವುಡ್‌ವರ್ಡ್ ಅವೆನ್ಯೂದ ಪಕ್ಕದ ಹುಲ್ಲಿನ ಮೇಲೆ. ಆಗಸ್ಟ್ ತಿಂಗಳ ಮೂರನೆಯ ಶನಿವಾರ ಆ ರಸ್ತೆಯಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ, 1995ರಲ್ಲಿ ಶುರುವಾದದ್ದು. ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಇಕ್ಕೆಲದಲ್ಲಿ ಬೆಳಿಗ್ಗೆಯೇ ಜಾಗ ಹಿಡಿದು ಕೂರುತ್ತಾರಲ್ಲ, ಇಲ್ಲಿನವರು ಹಾಗೆ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಲ್ಲಿ ಒಂದು ವರ್ಷ ನಮ್ಮೆದುರು ರೆಕ್ಕೆಯ ಕಾರೊಂದು ಹಾದುಹೋಯಿತು. ಸುತ್ತ ಕೂತಿದ್ದವರೆಲ್ಲ ಫೋನ್ ಎತ್ತಿದರು. ತಾತ ಕುರ್ಚಿಯಿಂದ ಎದ್ದು ನಿಂತರು. ನಮ್ಮ ಪಕ್ಕದಲ್ಲಿದ್ದ ಇನ್ನಿಬ್ಬರೂ ಎದ್ದಿದ್ದರು.

ಡೇಟೋನಾದಂಥ ಕಾರುಗಳನ್ನು ಮಸಲ್ ಕಾರು ಎನ್ನುತ್ತಾರೆ. ಹಾಗಂದರೆ ಏನು ಅಂತ ಊರಿನ ಗೆಳೆಯರು ಕೇಳುತ್ತಾರೆ. ಮಧ್ಯಮ ಗಾತ್ರದ, ಸಂಸಾರಸ್ಥರು ಕೊಳ್ಳುವ ಕಾರಿನ ಬಾನೆಟ್ ಕೆಳಗೆ ದೊಡ್ಡ ಕಾರಿನ ವಿ8 ಎಂಜಿನ್ ಇಟ್ಟರೆ ಅದು ಮಸಲ್ ಕಾರು. 1964ರಲ್ಲಿ ಪಾಂಟಿಯಾಕ್ ತಂದ ಜಿಟಿಒ ಈ ಗಾಳಿ ಎಬ್ಬಿಸಿತು. ಹತ್ತು ವರ್ಷದೊಳಗೆ ವಿಮೆ, ಹೊಗೆಯ ಕಾನೂನು, ತೈಲದ ಬಿಕ್ಕಟ್ಟು ಮೂರೂ ಸೇರಿ ಗಾಳಿ ಅಡಗಿತು. ಇಷ್ಟು ಸಾಕು. ನನಗೆ ಹೇಳಬೇಕಿರುವುದು ಒಂದೇ ಕಾರಿನ ಬಗ್ಗೆ.

1968ರ ಚಾರ್ಜರ್ ನೋಡಲು ಚೆಲುವೆ, ಗಾಳಿಗೆ ಮಾತ್ರ ವೈರಿ. ಒಳಸರಿದ ಗ್ರಿಲ್ ಗಾಳಿಯನ್ನು ಬೊಗಸೆಯಲ್ಲಿ ಹಿಡಿದ ಹಾಗೆ ಹಿಡಿಯುತ್ತಿತ್ತು. ಚಾವಣಿ ಹೊರುವ ಎರಡು ಕಂಬಗಳ ನಡುವೆ ಒಳಕ್ಕೆ ಕೂತ ಹಿಂಗಾಜಿನ ಹಿಂದೆ ಗಾಳಿ ಸುಳಿಗಟ್ಟಿ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತಿತ್ತು. ನ್ಯಾಸ್ಕಾರ್ ಎಂಬ ಅಮೆರಿಕದ ಕಾರು ಓಟದ ಪಂದ್ಯಗಳಲ್ಲಿ ಇದೇ ದೊಡ್ಡ ಕೊರತೆಯಾಯಿತು. ಗ್ರಿಲ್ ಮುಂದಕ್ಕೆ ತಂದು, ಗಾಜನ್ನು ಮಟ್ಟಸವಾಗಿ ಕೂರಿಸಿ ಚಾರ್ಜರ್ 500 ಮಾಡಿದರು. ಅಷ್ಟರಲ್ಲಿ ಫೋರ್ಡ್ ಕಂಪನಿ ಟೊರಿನೊ ಟ್ಯಾಲಡೇಗಾ ತಂದು 1969ರ ಓಟಗಳಲ್ಲಿ ಮುಂದೆ ಹೋಯಿತು. ಆಗ ಕ್ರೈಸ್ಲರ್‌ನವರು ತಮ್ಮಲ್ಲಿದ್ದ ಕ್ಷಿಪಣಿ ವಿಭಾಗದಿಂದ ಬಂದ ಎಂಜಿನಿಯರುಗಳನ್ನು ಕೂರಿಸಿಕೊಂಡರು. ರಾಕೆಟ್ಟಿನ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ತಿಳಿದವರ ಕೈಗೆ ಒಂದು ಸಂಸಾರದ ಕಾರು ಬಂತು.

ನಾನು ಈ ಕಾರಿಗೆ ಮನಸೋತದ್ದು ಇಲ್ಲಿಂದ ಮುಂದಿನ ಭಾಗ ತಿಳಿದ ಮೇಲೆ. ಅವರು ಮೊದಲು ಮಾಡಿದ್ದು ಒಂದು ಮಾದರಿ. ನಿಜವಾದ ಕಾರಿನ ಎಂಟರಲ್ಲಿ ಮೂರು ಪಾಲು ಅಳತೆಯದು. ಅದನ್ನು ಕಾನ್ಸಾಸ್ ರಾಜ್ಯದ ವಿಚಿಟಾ ವಿಶ್ವವಿದ್ಯಾಲಯದ ಗಾಳಿ ಸುರಂಗದಲ್ಲಿಟ್ಟು ಪರೀಕ್ಷೆ ಮಾಡಿದರು. ಲೆಕ್ಕ ಹಾಕಿದರೆ ಸುಮಾರು ಏಳಡಿ ಉದ್ದದ ಕಾರು, ಒಳಗೆ ಯಾರೂ ಕೂರಲಾರದ್ದು. ಮೂಗು ಎಷ್ಟು ಉದ್ದ ಬೇಕು, ರೆಕ್ಕೆ ಎಷ್ಟು ಎತ್ತರ ಬೇಕು ಎಂದು ಹೇಳಿಕೊಟ್ಟದ್ದು ಆ ಪುಟ್ಟ ಕಾರು. ಕೊನೆಗೆ ನಿಂತ ಲೆಕ್ಕ: ಮುಂದೆ 18 ಇಂಚಿನ ಉಕ್ಕಿನ ಮೂಗು, ಹಿಂದೆ 23 ಇಂಚು ಎತ್ತರದ ರೆಕ್ಕೆ. ಡಿಕ್ಕಿಯ ಮುಚ್ಚಳ ತೆರೆಯಲಿ ಅಂತ ಅಷ್ಟೆತ್ತರ ಇಟ್ಟರು ಎಂಬ ಮಾತು ಬಾಯಿಂದ ಬಾಯಿಗೆ ಓಡಾಡುತ್ತದೆ. ಚಾವಣಿಯ ಮೇಲಿಂದ ಕಲಕದೆ ಬರುವ ಗಾಳಿ ಸಿಗಬೇಕಾದರೂ ಎತ್ತರ ಬೇಕೇ ಬೇಕು.

ಅಂದರೆ ಈ ಕಾರಿನ ಮಟ್ಟಿಗೆ ಮಾದರಿಯೇ ತಾಯಿ. ಮೊದಲು ಚಿಕ್ಕದು ಹುಟ್ಟಿ, ಆಮೇಲೆ ದೊಡ್ಡದು ಹುಟ್ಟಿತು. ಚಿಕ್ಕದರಲ್ಲಿ ಓರೆ ತಪ್ಪಿದ್ದರೆ ದೊಡ್ಡದರಲ್ಲಿ ಚಾಲಕನ ಜೀವಕ್ಕೇ ಕುತ್ತು. “ಆಟಿಕೆ ತಾನೇ, ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನಂತೆ” ಎಂದು ಯಾರಾದರೂ ಅಂದಾಗ ನನಗೆ ಆ ಸುರಂಗದೊಳಗಿನ ಏಳಡಿಯ ಕಾರು ನೆನಪಾಗುತ್ತದೆ.

ಓಟದ ನಿಯಮದಂತೆ ಕನಿಷ್ಠ 500 ಕಾರುಗಳನ್ನು ಸಾರ್ವಜನಿಕರಿಗೂ ಮಾಡಬೇಕಿತ್ತು. 503 ಮಾಡಿದರು. ಇಲ್ಲಿ ತಾತ ಕಥೆಯೊಳಗೆ ಬರುತ್ತಾರೆ. ಡೆಟ್ರಾಯಿಟ್‌ಗೆ ಅಂಟಿಕೊಂಡಿರುವ ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿನಲ್ಲಿ ‘ಡಾಡ್ಜ್ ಮೇನ್’ ಎಂಬ ಭಾರಿ ಕಾರ್ಖಾನೆ ಇತ್ತು. 1969ರ ಬೇಸಿಗೆಯಲ್ಲಿ ಹತ್ತೊಂಬತ್ತರ ಹುಡುಗನಾಗಿ ತಾತ ಅಲ್ಲಿ ಬಾಗಿಲು ಕೂರಿಸುವ ಕೆಲಸಕ್ಕಿದ್ದರು. ಡೇಟೋನಾ ಆಗಲಿರುವ ಕಾರುಗಳು ಆ ಸಾಲಿನಿಂದ ಹೊರಬಿದ್ದದ್ದು ಸಾಮಾನ್ಯ ಚಾರ್ಜರ್ ಆರ್/ಟಿ ರೂಪದಲ್ಲೇ. ಮೂಗು, ರೆಕ್ಕೆ, ಮಟ್ಟಸ ಗಾಜು ಇವೆಲ್ಲ ಸೇರಿಕೊಂಡದ್ದು ಕ್ರಿಯೇಟಿವ್ ಇಂಡಸ್ಟ್ರೀಸ್ ಎಂಬ ಬೇರೆ ಕಡೆ. ಹಾಗಾಗಿ ತಾವು ಬಾಗಿಲು ಕೂರಿಸಿದ ಯಾವ ಕಾರಿಗೆ ರೆಕ್ಕೆ ಬಂತು, ಯಾವುದಕ್ಕೆ ಬರಲಿಲ್ಲ ಎಂದು ಅವರಿಗೆ ಗೊತ್ತೇ ಆಗಲಿಲ್ಲ.

“ಮದುವೆಗೆ ಮೊದಲು ಹೆಣ್ಣುಮಕ್ಕಳನ್ನು ಕಂಡ ಹಾಗೆ ನಾನು ಕಂಡದ್ದು. ದಿಬ್ಬಣ ಬೇರೆ ಊರಲ್ಲಿ ಹೊರಟಿತು” ಎಂಬರ್ಥದ ಮಾತೊಂದನ್ನು ಅವರು ಅಂದಿದ್ದರು. ನನ್ನ ಕನ್ನಡದಲ್ಲಿ ಅದು ಹೀಗೆ ಉಳಿದಿದೆ.

ಅದೇ ವರ್ಷ ಸೆಪ್ಟೆಂಬರ್ 14ರಂದು ಅಲಬಾಮಾದ ಟ್ಯಾಲಡೇಗಾದಲ್ಲಿ ಹೊಸ ಟ್ರ್ಯಾಕಿನ ಮೊದಲ ದೊಡ್ಡ ಓಟ. ಆ ವೇಗಕ್ಕೆ ಟೈರು ತಡೆಯುವುದಿಲ್ಲ ಎಂದು ರಿಚರ್ಡ್ ಪೆಟ್ಟಿ ಮುಂದಾಳತ್ವದಲ್ಲಿ ಹೆಸರಾಂತ ಚಾಲಕರು ಹಿಂದೆ ಸರಿದರು. ಉಳಿದವರೊಳಗೆ ರಿಚರ್ಡ್ ಬ್ರಿಕ್‌ಹೌಸ್ ಡೇಟೋನಾ ಓಡಿಸಿ ಗೆದ್ದರು. ಮರುವರ್ಷ ಮಾರ್ಚ್ 24ರಂದು ಅದೇ ಟ್ರ್ಯಾಕಿನಲ್ಲಿ ಬಡಿ ಬೇಕರ್ ಗಂಟೆಗೆ 200.447 ಮೈಲಿ, ಅಂದರೆ 322 ಕಿಲೋಮೀಟರ್ ದಾಟಿದರು. ಸುತ್ತು ಟ್ರ್ಯಾಕಿನಲ್ಲಿ ಇಂಥ ಕಾರು 200 ಮೈಲಿಯ ಗೆರೆ ದಾಟಿದ್ದು ಅದೇ ಮೊದಲು. 1971ಕ್ಕೆ ನಿಯಮ ಬದಲಾಯಿತು. ರೆಕ್ಕೆಯ ಕಾರುಗಳಿಗೆ 305 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದೆಂದರು. ಅಲ್ಲಿಗೆ ಅವುಗಳ ಓಟ ಮುಗಿಯಿತು.

ಅಂಗಡಿಗೆ ಬಂದ ಕಾರುಗಳದ್ದು ಇನ್ನೊಂದು ಪಾಡು. ದಿನಸಿ ತರಲು ಹೋಗುವ ಜನಕ್ಕೆ ಈ ಮೂಗು, ಈ ರೆಕ್ಕೆ ಏಕೆ ಬೇಕು? ಡೀಲರುಗಳ ಅಂಗಳದಲ್ಲಿ ತಿಂಗಳುಗಟ್ಟಲೆ ನಿಂತವು. ತಾತ ಪೂರ್ತಿ ಡೇಟೋನಾವನ್ನು ಮೊದಲ ಸಲ ಹತ್ತಿರದಿಂದ ಕಂಡದ್ದು ಅಂಥದ್ದೊಂದು ಅಂಗಳದಲ್ಲೇ. ಚಳಿಗಾಲ. ರೆಕ್ಕೆಯ ಮೇಲೆ ಗೇಣುದ್ದ ಹಿಮ ಕೂತಿತ್ತಂತೆ. ಅವರು ಕೈಗವಸು ತೆಗೆದು ಬರಿಗೈಯಲ್ಲಿ ಹಿಮ ಸರಿಸಿದರಂತೆ. ಕೊಳ್ಳುವಷ್ಟು ದುಡ್ಡಿರಲಿಲ್ಲ. ಬಾಗಿಲು ತೆರೆದು, ಮುಚ್ಚಿ, ಸದ್ದು ಕೇಳಿ ಬಂದರು. “ಸರಿಯಾಗಿ ಕೂತಿತ್ತು” ಅಂತ ಇವತ್ತಿಗೂ ಹೇಳುತ್ತಾರೆ.

ಡಾಡ್ಜ್ ಮೇನ್ 1980ರ ಜನವರಿಯಲ್ಲಿ ಬಾಗಿಲು ಹಾಕಿತು. ಅದನ್ನು ಕೆಡವಿ, ಪಕ್ಕದ ಪೋಲ್‌ಟೌನ್‌ನ ಸಾವಿರಕ್ಕೂ ಹೆಚ್ಚು ಮನೆಗಳನ್ನೂ ಕೆಡವಿ, ಜನರಲ್ ಮೋಟಾರ್ಸ್ ಅಲ್ಲಿ ತನ್ನ ಕಾರ್ಖಾನೆ ಎಬ್ಬಿಸಿತು. ಈಗ ಅದರ ಹೆಸರು ಫ್ಯಾಕ್ಟರಿ ಜೀರೊ, ಕರೆಂಟಿನ ಗಾಡಿಗಳು ತಯಾರಾಗುತ್ತವೆ. ತಾತನನ್ನು ಒಮ್ಮೆ ಆ ಕಡೆ ಕರೆದುಕೊಂಡು ಹೋಗಿದ್ದೆ. ಬೇಲಿಯ ಬಳಿ ಕಾರು ನಿಲ್ಲಿಸಿದೆ. ಅವರು ಇಳಿಯಲಿಲ್ಲ. ಎಲ್ಲಿತ್ತು ತಮ್ಮ ಸಾಲು ಎಂದು ಗಾಜಿನ ಒಳಗಿನಿಂದಲೇ ಬೆರಳು ತೋರಿಸಿದರು. ಅಲ್ಲಿ ಪಾರ್ಕಿಂಗ್ ಜಾಗ ಇತ್ತು.

ಇಷ್ಟು ತಿಳಿದ ಮೇಲೆ ಆ ಫೋಟೊದ ಮುಂದೆ ಅವರು ಮೂಲೆಮಟ್ಟ ಹಿಡಿದು ನಿಂತದ್ದು ನಿಮಗೂ ಅರ್ಥವಾಗಬಹುದು.

ಅವತ್ತು ಗ್ಯಾರೇಜಿನಲ್ಲಿ ಜಗಳವೇ ಆಯಿತು. ಬಸ್ಸಿನ ಡ್ರೈವರ್‌ಗೆ ಸಿಟ್ಟು ಬಂತು. ಒಂದು ವರ್ಷ ಕಾದಿದ್ದೇವೆ, ಈಗ ತಪ್ಪು ಹೇಳಿದರೆ ಇನ್ನೂ ಮುಂದಕ್ಕೆ ಹೋಗುತ್ತದೆ, ಇದನ್ನು ಗುರುತಿಸುವವರು ಲೋಕದಲ್ಲಿ ಎಷ್ಟು ಜನ ಇದ್ದಾರು, ಸುಮ್ಮನಿರಿ ಅಂದರು. ಅವರ ಮಾತಿಗೆ ಹಿನ್ನೆಲೆಯೂ ಇತ್ತು. ಹಿಂದೊಮ್ಮೆ ಬೇರೊಂದು ಮಾದರಿಗೆ ಅವರು ಪೂರ್ತಿ ಹಣ ಕೊಟ್ಟಿದ್ದ ಅಂಗಡಿ ಹೇಳದೆ ಕೇಳದೆ ಮುಚ್ಚಿಹೋಗಿತ್ತು. ಕೈಗೆ ಬಂದದ್ದೇ ನಿಜ ಎಂಬುದು ಅವರ ಅನುಭವ. ನರ್ಸ್ ಆಕೆ ಏನೂ ಹೇಳದೆ ಎರಡೂ ಫೋಟೊಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೊನೆಗೆ, “ತಪ್ಪು ಕಂಡ ಮೇಲೆ ಬರೆಯದೆ ಇರೋಕೆ ಆಗಲ್ಲ” ಅಂದರು. ರೋಗಿಯ ಚೀಟಿ ಬರೆದು ಅಭ್ಯಾಸವಾದ ಕೈ. ಅವತ್ತೇ ಕಂಪನಿಗೆ ಪತ್ರ ಬರೆದರು, ಎರಡು ಫೋಟೊ, ಕೋನದ ಲೆಕ್ಕ ಸಮೇತ.

ನಾನು ತಾತನ ಪಕ್ಷ. ಆದರೆ ಹಾಗೆ ಹೇಳುವಾಗ ಎದೆಯಲ್ಲಿ ಅಳುಕಿತ್ತು, ಯಾಕೆಂದರೆ ಆ ನಾಲ್ವರಲ್ಲಿ ಆ ತಿದ್ದುಪಡಿಗೆ ಏನು ಬೆಲೆ ತೆರಬೇಕೆಂದು ಬಲ್ಲವನು ನಾನೊಬ್ಬನೇ. ನನ್ನ ಕಸುಬೇ ಅಚ್ಚು. ಮೈಸೂರಿನ ಜಿಟಿಟಿಸಿ ಎಂಬ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಆಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿ ಹೊರಬಿದ್ದವನು. ಈಗ ಇಲ್ಲಿ ಗೇರ್‌ಬಾಕ್ಸ್ ಕವಚಗಳ ಅಲ್ಯೂಮಿನಿಯಂ ಎರಕದ ಅಚ್ಚುಗಳ ಕೆಲಸ. ಮಾದರಿ ಕಾರಿನ ಎರಕ ಸತುವಿನದು. ಲೋಹ ಬೇರೆ, ಯಂತ್ರ ಬೇರೆ, ಅಚ್ಚಿನ ನ್ಯಾಯ ಒಂದೇ.

ಆ ನ್ಯಾಯದ ಮೊದಲ ಪಾಠವನ್ನು ನಮ್ಮ ಮೇಷ್ಟ್ರು ಫೈಲ್ ಹಿಡಿಸುವ ದಿನವೇ ಹೇಳಿದ್ದರು. ಉಕ್ಕನ್ನು ತೆಗೆಯಬಹುದು, ಸೇರಿಸಲಾಗದು. ಅಚ್ಚು ಅಂದರೆ ವಸ್ತುವಿನ ತಿರುವುಮುರುವು. ವಸ್ತು ದಪ್ಪವಾಗಬೇಕಾದರೆ ಅಚ್ಚಿನಲ್ಲಿ ಇನ್ನಷ್ಟು ಉಕ್ಕು ಕೆರೆದರೆ ಆಯಿತು. ವಸ್ತು ತೆಳುವಾಗಬೇಕೆಂದರೆ, ಜಾಗ ಬದಲಿಸಬೇಕೆಂದರೆ, ಕೆರೆದ ಗುಂಡಿಯನ್ನು ಮುಚ್ಚುವಂತಿಲ್ಲ. ಬೆಸುಗೆ ಹಾಕಿ ತುಂಬಬಹುದು, ಆದರೆ ಬಿಸಿಲೋಹದ ಹೊಡೆತಕ್ಕೆ ಅದು ಎಷ್ಟು ದಿನ ನಿಲ್ಲುತ್ತದೆಂಬ ಭಯ ಇದ್ದೇ ಇರುತ್ತದೆ. ರೆಕ್ಕೆಯ ಕಂಬ ಹಿಂದಕ್ಕೆ ವಾಲಿದೆ, ಮುಂದಕ್ಕೆ ತನ್ನಿ ಅಂದರೆ ಎರಡೂ ಆದ ಹಾಗೆ. ಒಂದು ಪಕ್ಕ ಕೆರೆಯಬೇಕು, ಇನ್ನೊಂದು ಪಕ್ಕ ತುಂಬಬೇಕು. ಸರಿಯಾದ ದಾರಿ ಒಂದೇ: ಆ ಭಾಗದ ಉಕ್ಕಿನ ತುಂಡನ್ನೇ ಹೊಸದಾಗಿ ಮಾಡಿ ಕೂರಿಸುವುದು. ಅದಕ್ಕೆ ಮೊದಲು ರೆಕ್ಕೆಯ ಆಕಾರದ ತಾಮ್ರದ ಎಲೆಕ್ಟ್ರೋಡ್ ಕಡೆಯಬೇಕು. ಅದನ್ನು ಎಣ್ಣೆಯಲ್ಲಿ ಮುಳುಗಿಸಿ ಉಕ್ಕಿನ ಹತ್ತಿರ ತಂದು ಕಿಡಿ ಹಾರಿಸಿ ಹಾರಿಸಿ, ಇರುವೆ ಸಕ್ಕರೆ ಹೊತ್ತ ಹಾಗೆ ಒಂದೊಂದೇ ಕಣ ತೆಗೆಯಬೇಕು. ಆಮೇಲೆ ಪಾಲಿಷ್, ಆಮೇಲೆ ಜೋಡಣೆ, ಮತ್ತೆ ಪರೀಕ್ಷೆಯ ಎರಕ. ಅದರ ಫೋಟೊ ಕಾರು ಕಂಪನಿಗೆ ಹೋಗಬೇಕು. ಡಾಡ್ಜ್ ಹೆಸರು ಹಾಕಬೇಕಾದರೆ ಆ ಹೆಸರಿನ ಒಡೆಯರು ಒಪ್ಪಿಗೆ ಕೊಡಬೇಕಲ್ಲ.

1:18 ಎಂದರೆ ಏನೆಂದು ಕೈಯಲ್ಲಿ ಹಿಡಿದು ನೋಡದವರಿಗೆ ಹೇಳುತ್ತೇನೆ. ನಿಜವಾದ ಕಾರಿನ ಹದಿನೆಂಟು ಇಂಚು ಇಲ್ಲಿ ಒಂದು ಇಂಚು. ಡೇಟೋನಾದ ಮೂಗು 18 ಇಂಚು. ಮಾದರಿಯಲ್ಲಿ ಸರಿಯಾಗಿ ಒಂದು ಇಂಚು, ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ರೆಕ್ಕೆ ಮೂರು ಕಾಲು ಸೆಂಟಿಮೀಟರ್. ಹತ್ತೊಂಬತ್ತು ಅಡಿಗೆ ಸ್ವಲ್ಪ ಕಡಿಮೆ ಇರುವ ಇಡೀ ಕಾರು ಇಲ್ಲಿ 32 ಸೆಂಟಿಮೀಟರ್. ಮಾದರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ 18 ಮಿಲಿಮೀಟರ್ ತಪ್ಪಿದ ಹಾಗೆ. ತಾತ ಹ್ಯಾಮ್‌ಟ್ರಾಮಿಕ್‌ನಲ್ಲಿ ಬಾಗಿಲು ಅಷ್ಟು ಓರೆ ಕೂರಿಸಿದ್ದರೆ ಮೇಸ್ತ್ರಿ ಮನೆಗೆ ಕಳಿಸುತ್ತಿದ್ದ.

ಇನ್ನೂ ಒಂದು ಕಷ್ಟ ಇದೆ. ಎಲ್ಲವನ್ನೂ ಹದಿನೆಂಟರಿಂದ ಭಾಗಿಸಬಹುದು, ಬಣ್ಣವನ್ನು ಭಾಗಿಸಲಾಗದು. ಕಾರಿನ ಮೇಲೆ ಬಣ್ಣದ ಪದರ ಸುಮಾರು 100 ಮೈಕ್ರಾನ್ ಅಂತಿಟ್ಟುಕೊಳ್ಳಿ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಲೆಕ್ಕದ ಪ್ರಕಾರ ಮಾದರಿಯ ಮೇಲೆ ಆರು ಮೈಕ್ರಾನ್‌ಗಿಂತ ಕಡಿಮೆ ಬಣ್ಣ ಇರಬೇಕು. ಅಷ್ಟು ತೆಳುವಾಗಿ ಬಳಿದರೆ ಲೋಹ ಇಣುಕುತ್ತದೆ. ಹಾಗಾಗಿ ಬಣ್ಣ ಯಾವಾಗಲೂ ದಪ್ಪವೇ, ಅಂಚುಗಳೆಲ್ಲ ಬೆಣ್ಣೆ ಸವರಿದ ಹಾಗೆ ಮೆತ್ತಗಾಗುತ್ತವೆ. ಇದನ್ನು ಬಲ್ಲ ಕಸುಬುದಾರ ಬಾಗಿಲಿನ ಗೆರೆಯನ್ನು, ಅಕ್ಷರವನ್ನು ಅಚ್ಚಿನಲ್ಲಿ ಬೇಕಾದ್ದಕ್ಕಿಂತ ಚೂರು ಆಳವಾಗಿ ಕೊರೆಯುತ್ತಾನೆ, ಬಣ್ಣ ಕೂತ ಮೇಲೆ ಸರಿಹೋಗಲಿ ಎಂದು. ಸತು ತಣಿಯುವಾಗ ಶೇ 0.6ರಷ್ಟು ಕುಗ್ಗುತ್ತದೆ, ಅದಕ್ಕೆ ಅಚ್ಚನ್ನು ಅಷ್ಟೇ ದೊಡ್ಡದು ಮಾಡುತ್ತಾನೆ. ಅಂದರೆ ಅಚ್ಚಿನೊಳಗಿನ ಕಾರು ಎಲ್ಲ ರೀತಿಯಲ್ಲೂ ತಪ್ಪಾಗಿರುತ್ತದೆ, ಹೊರಬಂದ ಕಾರು ಸರಿಯಾಗಿರಲಿ ಅಂತ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಯಾವುದೋ ಟೂಲ್‌ರೂಮಿನಲ್ಲಿ ಈ ಲೆಕ್ಕ ಹಾಕಿ ಕೂತವನ ಮುಖ ನಾನು ಕಂಡಿಲ್ಲ. ಅವನ ಕೈ ಮಾತ್ರ ನನಗೆ ಪರಿಚಯದ್ದು. ನಮ್ಮ ಪತ್ರ ಹೋಗಿ ಮುಟ್ಟಿದ್ದು ಅವನ ಮೇಜಿಗೆ.

ತಾತನ ಕಪಾಟಿನಲ್ಲಿ ಒಂದು ಹಳೆಯ ಚಾರ್ಜರ್ ಮಾದರಿ ಇದೆ. ಬಾಗಿಲು ತೆರೆದರೆ ಒಳಗೆ ನಾಯಿಯ ಹಿಂಗಾಲಿನ ಹಾಗೆ ಬಾಗಿದ ದಪ್ಪ ಕೀಲು ಕಾಣುತ್ತದೆ. ಸಂಗ್ರಹಕಾರರು ಅದನ್ನು ‘ಡಾಗ್‌ಲೆಗ್ ಹಿಂಜ್’ ಎನ್ನುತ್ತಾರೆ. ಬಾಗಿಲು ತೆರೆಯಲೆಂದು ಮುಂದಿನ ಮಡ್‌ಗಾರ್ಡಿನ ಪಕ್ಕ ಒಂದು ಸೀಳು ಬಿಟ್ಟಿರುತ್ತಾರೆ, ಅಕ್ಕಿಕಾಳು ತೂರುವಷ್ಟು. ಬಾಗಿಲು ಕೂರಿಸಿಯೇ ಅನ್ನ ತಿಂದ ಮನುಷ್ಯನಿಗೆ ಅದನ್ನು ನೋಡುವುದು ಕಷ್ಟ. ಆ ಕಾರನ್ನು ಅವರು ಬಾಗಿಲು ಗೋಡೆಯ ಕಡೆ ಮಾಡಿ ಇಟ್ಟಿದ್ದಾರೆ. ಹೊಸ ಮಾದರಿಯಲ್ಲಿ ನಿಜವಾದ ಕಾರಿನ ಹಾಗೇ ಒಳಗೆ ಅಡಗಿದ ಕೀಲು ಇರುತ್ತದೆಂದು ಕಂಪನಿ ಹೇಳಿದ್ದಕ್ಕೇ ಅವರು ಮುಂಗಡ ಕೊಟ್ಟದ್ದು.

ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ಅವರಪ್ಪನ ಕಾಲದ ಒಂದು ಆಟಿಕೆ ಟ್ರಕ್ಕಿದೆ. ಯಾರೂ ಬೀಳಿಸಿಲ್ಲ, ಯಾರೂ ಆಡಿಲ್ಲ, ಆದರೂ ಮೈತುಂಬ ಬಿರುಕು, ಬೇಸಿಗೆಯ ಕೆರೆಯಂಗಳದ ಹಾಗೆ. ಸತುವಿನೊಳಗೆ ಸೀಸದಂಥ ಕಲ್ಮಶ ಚೂರು ಸೇರಿದ್ದರೂ ಸಾಕು, ವರ್ಷಗಳು ಹೋದಂತೆ ಲೋಹ ಒಳಗಿನಿಂದಲೇ ಊದಿಕೊಂಡು, ಬಿರಿದು, ಪುಡಿಯಾಗುತ್ತದೆ. ಜಿಂಕ್ ಪೆಸ್ಟ್ ಎನ್ನುತ್ತಾರೆ. 1929ರಲ್ಲಿ ನ್ಯೂಜೆರ್ಸಿ ಜಿಂಕ್ ಕಂಪನಿ ತುಂಬ ಶುದ್ಧವಾದ ಸತುವಿಗೆ ಶೇ 4ರಷ್ಟು ಅಲ್ಯೂಮಿನಿಯಂ, ಜತೆಗೆ ಚೂರು ಮೆಗ್ನೀಸಿಯಂ, ತಾಮ್ರ ಬೆರೆಸಿ ಜಮಾಕ್ ಎಂಬ ಮಿಶ್ರಲೋಹ ತಂದಿತು. ಈಗಿನ ಮಾದರಿಗಳೆಲ್ಲ ಬಹುಪಾಲು ಅದರವೇ. ಕಲ್ಮಶ ಬೆರೆಯದ ಹಾಗೆ ನೋಡಿಕೊಂಡರೆ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆತುರಕ್ಕೆ ಸಿಕ್ಕ ಗುಜರಿ ಕರಗಿಸಿ ಹೊಯ್ದರೆ ಪೆಟ್ಟಿಗೆಯೊಳಗೇ ಸಾಯುತ್ತದೆ. ಬಸ್ಸಿನ ಡ್ರೈವರ್‌ಗೆ ಆ ಟ್ರಕ್ಕನ್ನು ನಾನು ಕೈಗೆ ಕೊಟ್ಟು ತೋರಿಸಿದೆ. ಅವರು ಏನೂ ಹೇಳದೆ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ವಾಪಸ್ ಇಟ್ಟರು. ಮುಂದಿನ ಶನಿವಾರ ಅವರೇ ಕಂಪನಿಯಿಂದ ಉತ್ತರ ಬಂತಾ ಎಂದು ಮೊದಲು ಕೇಳಿದ್ದು.

ಉತ್ತರ ಬಂದಿತ್ತು. ತಪ್ಪು ಒಪ್ಪಿಕೊಂಡಿದ್ದರು. ಬೇರೆ ಊರುಗಳಿಂದಲೂ ಇಬ್ಬರು ಇದನ್ನೇ ಬರೆದಿದ್ದರಂತೆ. ರೆಕ್ಕೆಯ ಭಾಗ ಹೊಸದಾಗಿ ಮಾಡುತ್ತೇವೆ, ತಡವಾಗುತ್ತದೆ, ಬೇಡವಾದವರಿಗೆ ಮುಂಗಡ ವಾಪಸ್ ಎಂದಿದ್ದರು. ನಮ್ಮಲ್ಲಿ ಯಾರೂ ವಾಪಸ್ ಕೇಳಲಿಲ್ಲ.

ಏಳು ತಿಂಗಳಾದ ಮೇಲೆ ಎರಡನೆಯ ಫೋಟೊ ಬಂತು. ತಾತ ಮತ್ತೆ ಮೂಲೆಮಟ್ಟ ತಂದರು. ಸುಮಾರು ಹೊತ್ತು ನೋಡಿ ತಲೆದೂಗಿದರು. ಅಷ್ಟೊತ್ತಿಗೆ 2025ರ ಜನವರಿ ಕೊನೆ, ಚೀನಾದ ಹೊಸವರ್ಷ. ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ, ಕೆಲಸಗಾರರು ದೂರದ ಹಳ್ಳಿಗಳಿಗೆ ಹೋಗುತ್ತಾರೆ. ನಮ್ಮ ಯುಗಾದಿಗೆ, ಗೌರಿ ಗಣೇಶನಿಗೆ ಬೆಂಗಳೂರು ಖಾಲಿಯಾಗುವುದನ್ನು ಕಂಡವನಿಗೆ ಅದರ ಬಗ್ಗೆ ದೂರು ಹೇಳಲು ಬಾಯಿ ಬರಲಿಲ್ಲ. ಅವರು ವಾಪಸ್ ಬಂದು ಎರಕ ಶುರುಮಾಡಿದರು. ಏಪ್ರಿಲ್ ಬಂತು. ಅಮೆರಿಕ ಚೀನಾದ ಸರಕಿನ ಮೇಲೆ ಸುಂಕವನ್ನು ಶೇ 145ಕ್ಕೆ ಏರಿಸಿತು. ನೂರು ಡಾಲರಿನ ಕಾರಿಗೆ 145 ಡಾಲರ್ ಸುಂಕ. ಕಂಪನಿಯವರು ಹಡಗು ಹತ್ತಿಸದೆ ತಡೆದರು. ಮೇ ತಿಂಗಳಲ್ಲಿ ಸುಂಕ ಇಳಿಯಿತು. ಆದರೆ ಆ ಹೊತ್ತಿಗೆ ತಡೆದಿದ್ದವರೆಲ್ಲ ಒಟ್ಟಿಗೆ ಕಂಟೇನರ್ ಕೇಳಿದರು, ಪುಟ್ಟ ಕಂಪನಿಯ ಸರದಿ ಹಿಂದೆ ಬಿತ್ತು.

ಈ ಎರಡೂವರೆ ವರ್ಷದಲ್ಲಿ ನನ್ನ ಕಣ್ಣಿನಲ್ಲಿ ಒಂದು ಬದಲಾವಣೆ ಆಗಿದೆ, ಅದನ್ನು ಹೇಳದಿದ್ದರೆ ಬರಹ ಪೂರ್ತಿಯಾಗದು. ಮೊದಲ ಫೋಟೊ ನೋಡಿದಾಗ ನನಗೆ ಯಾವ ತಪ್ಪೂ ಕಾಣಲಿಲ್ಲ ಅಂದೆನಲ್ಲ. ನಾನು ದಿನವಿಡೀ ಮೈಕ್ರಾನ್ ಅಳೆಯುವವನು, ಆದರೂ ಕಾಣಲಿಲ್ಲ. ತಾತನಿಗೆ ಕಂಡಿತು, ಯಾಕೆಂದರೆ ಅವರು ಐವತ್ತೈದು ವರ್ಷದಿಂದ ಆ ರೆಕ್ಕೆಯನ್ನು ಮನಸ್ಸಿನಲ್ಲಿ ನೋಡುತ್ತಾ ಬಂದಿದ್ದರು. ಬೇಕೆಂದಾಗ ಸಿಕ್ಕಿದ್ದರೆ ನಾನು ಪೆಟ್ಟಿಗೆ ಬಿಚ್ಚಿ, ಕಪಾಟಿನಲ್ಲಿಟ್ಟು, ಮುಂದಿನ ಕಾರಿಗೆ ಕೈಚಾಚುತ್ತಿದ್ದೆ. ಕಾದದ್ದರಿಂದ ಓದಿದೆ, ಕೇಳಿದೆ, ಅಳೆದೆ. ಮುಂದಿನ ಚಕ್ರಗಳ ಮೇಲಿರುವ ಹಿಮ್ಮುಖದ ಗಾಳಿಗೂಡು ಯಾಕಿದೆ ಎಂದು ಒಂದಿಡೀ ಶನಿವಾರ ವಾದ ಮಾಡಿದೆ. ಈಗ ಹೆದ್ದಾರಿಯಲ್ಲಿ ಯಾವ ಕಾರಿನ ಹಿಂದೆ ಹೋದರೂ ಅದರ ಹಿಂಗಾಜಿನ ಇಳಿಜಾರು ಕಾಣುತ್ತದೆ, ಗಾಳಿ ಎಲ್ಲಿ ಬಿಟ್ಟುಹೋಗುತ್ತಿದೆ ಅಂತ ಯೋಚನೆ ಬರುತ್ತದೆ.

ಈ ಸಲ ನವರಾತ್ರಿಗೆ ಮನೆಯಲ್ಲಿ ಬೊಂಬೆ ಕೂರಿಸಿದೆವು. ಪಟ್ಟದ ಬೊಂಬೆ ಅಮ್ಮ ಮೈಸೂರಿನಿಂದ ತಂದುಕೊಟ್ಟದ್ದು. ಕೆಳಗೆ ನೆಲದ ಮೇಲೆ ಪಾರ್ಕು ಮಾಡುವುದು ಮಗಳ ಪಾಲು. ರಾಗಿ ಚೆಲ್ಲಿ ಹುಲ್ಲು ಬೆಳೆಸುತ್ತಾಳೆ, ರಸ್ತೆಯಲ್ಲಿ ಬೆರಳುದ್ದದ ಕಾರುಗಳನ್ನು ನಿಲ್ಲಿಸುತ್ತಾಳೆ. ಈ ವರ್ಷ ರಸ್ತೆಯ ಪಕ್ಕ ಉದ್ದಕ್ಕೆ ಒಂದು ಜಾಗ ಖಾಲಿ ಬಿಟ್ಟಳು. ಡೇಟೋನಾ ಇನ್ನೂ ಬಂದಿಲ್ಲವಲ್ಲ ಅಂದೆ. ರಟ್ಟಿನಲ್ಲಿ ಮಾಡಿಕೊಡು ಅಂದಳು. 32 ಸೆಂಟಿಮೀಟರ್ ಅಳೆದು, ಬೂಟಿನ ಡಬ್ಬದ ರಟ್ಟು ಕತ್ತರಿಸಿ, ಮಡಚಿ, ಮುಂದೆ ಒಂದಿಂಚಿನ ಮೂಗು, ಹಿಂದೆ ಎರಡು ಕಂಬದ ರೆಕ್ಕೆ ಅಂಟಿಸಿ ಕೊಟ್ಟೆ.

ಸಂಜೆ ತಾತ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕಡಲೆಕಾಳು ಉಸಲಿಯ ಬಟ್ಟಲು ಹಿಡಿದು, ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಬೊಂಬೆ ನೋಡುತ್ತಾ ಕೆಳಗಿಳಿದರು. ಪಾರ್ಕಿನ ಹತ್ತಿರ ಬಂದಾಗ ಬಟ್ಟಲನ್ನು ಮಗಳ ಕೈಗೆ ಕೊಟ್ಟರು. ಗೋಡೆ ಹಿಡಿದುಕೊಂಡು ನಿಧಾನವಾಗಿ ಮಂಡಿಯೂರಿದರು. ರಾಗಿ ಪೈರಿಗೆ ತಾಗದ ಹಾಗೆ ಕೈ ಚಾಚಿ, ತೋರುಬೆರಳು ಹೆಬ್ಬೆರಳಿನ ನಡುವೆ ರಟ್ಟಿನ ಕಂಬಗಳನ್ನು ಹಿಡಿದು, ಚೂರೇ ಚೂರು ಮುಂದಕ್ಕೆ ತಂದರು.